ಪೂಲಿಯ ಕಲ್ಲುಗಳು

ಇಂಗ್ಲೆಂಡಿನ ಹಳ್ಳಿಗರು ತಮ್ಮೂರಿನ ಹೆಸರು 1086ರ ಡೂಮ್ಸ್‌ಡೇ ದಪ್ತರದಲ್ಲಿದೆಯೆಂದು ಅಭಿಮಾನಪಡುವುದುಂಟು. ಪಡಲಿ, ಅದು ಅಭಿಮಾನಪಡತಕ್ಕದ್ದೇ. ಆದರೆ ಸವದತ್ತಿ ತಾಲೂಕಿನ ಹೂಲಿಯ ಹೆಸರು ಅದಕ್ಕೂ ನಾಲ್ಕು ದಶಕ ಮೊದಲು, 1044ರಲ್ಲಿಯೇ, ಕಲ್ಲಿನ ಮೇಲೆ ಮೂಡಿತ್ತು. ಆಗ ಊರು ‘ಪೂಲಿ’. ಲಚ್ಚಿಯಬ್ಬರಸಿಯೆಂಬ ಹೆಣ್ಣುಮಗಳು ಅಲ್ಲಿ ಬಸದಿಯೊಂದನ್ನು ಕಟ್ಟಿಸಿ, ಯಾಪನೀಯ ಸಂಘದ ಬಾಲಚಂದ್ರ ಭಟ್ಟಾರಕರಿಗೆ ದತ್ತಿ ಬಿಟ್ಟಳು. ಸಾವಿರ ಮಂದಿ ಮಹಾಜನರ ಅಗ್ರಹಾರವೆಂದೂ ಶಾಸನಗಳು ಆ ಊರನ್ನು ಬಲ್ಲವು.

ಪಾಲು ಹಾಲಾದಂತೆ ಪೂಲಿ ಹೂಲಿಯಾಯಿತು. ಪಕಾರವು ಹಕಾರವಾದ ಬಗೆಯನ್ನು ಕಲಿಸಲು ಹೆಣಗುವ ಉಪಾಧ್ಯಾಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? (ಊರಿಗೆ ಹುಲಿಯ ನಂಟು ಕಟ್ಟುವವರು ಮೊದಲಕ್ಷರದ ದೀರ್ಘವನ್ನು ಮರೆಯದಿರಲಿ!)

ಗುಡ್ಡದ ಮೇಲೆ ಕೋಟೆ, ಊರಿನಲ್ಲಿ ಚಾಲುಕ್ಯರ ಕಾಲದ ಹಲವು ಗುಡಿಗಳು, ಅವುಗಳಲ್ಲಿ ಹೆಸರಾದದ್ದು ಪಂಚಲಿಂಗೇಶ್ವರ. ಅನೇಕ ಗುಡಿಗಳು ಪಾಳುಬಿದ್ದಿವೆ. ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಲು ಸರಕಾರ ಬೇಕು, ಹಣ ಬೇಕು. ಅಕ್ಷರವನ್ನು ಎತ್ತಿಕೊಳ್ಳಲು ಅಷ್ಟೆಲ್ಲ ಬೇಡ. ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದ್ದ ಬಾರ್ನೆಟ್ ಪಂಡಿತರು ಹೂಲಿಯ ಶಾಸನಗಳನ್ನು ಓದಿ, ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಮಾತು ಕನ್ನಡದ್ದು, ಲಿಪಿ ಮಾತ್ರ ರೋಮನ್, ಅರ್ಥ ಇಂಗ್ಲಿಷಿನಲ್ಲಿ. ಆ ದೊಡ್ಡ ಸಂಪುಟವನ್ನು ಹೈಸ್ಕೂಲಿನ ಹುಡುಗ ಎಲ್ಲಿ ಹುಡುಕಿಯಾನು? ನಾನು ಕೇಳುವುದು ಸಣ್ಣದೊಂದು ಪುಸ್ತಿಕೆ: ಹೂಲಿಯ ಶಾಸನಗಳು ಕನ್ನಡ ಲಿಪಿಯಲ್ಲಿ, ಕೆಳಗೆ ಇಂದಿನ ಮಾತಿನ ಅರ್ಥ, ಕೊನೆಗೊಂದು ಊರಿನ ನಕ್ಷೆ. ಅದು ಸುತ್ತಿನ ಶಾಲೆಗಳಿಗೆಲ್ಲ ಹೋಗಲಿ. ಮೊದಲ ಪುಟ ಲಚ್ಚಿಯಬ್ಬರಸಿಗಿರಲಿ.