ಪುಸ್ತಕ ಬರೆಯುವವರು, ಮಾರುವವರು ಮತ್ತು ನಾವು

ನಮ್ಮ ಊರಿನಲ್ಲಿ ಸಾಹಿತ್ಯದ ಮಾತು ಬಂದಾಗಲೆಲ್ಲ ಭಾಷಣಕಾರರು ಮಳಖೇಡದಿಂದ ಆರಂಭಿಸುವುದು ವಾಡಿಕೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಎಂದರೆ ಇಂದಿನ ಸೇಡಂ ತಾಲೂಕಿನ ಮಳಖೇಡದಲ್ಲಿ, 'ಕವಿರಾಜಮಾರ್ಗ' ಹುಟ್ಟಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಆದುದರಿಂದ ಈ ನೆಲದಲ್ಲಿ ಹುಟ್ಟಿದ ನಾವೆಲ್ಲರೂ ಧನ್ಯರು. ಇಷ್ಟಾದ ಮೇಲೆ ಚಪ್ಪಾಳೆ. ಈ ಅಭಿಮಾನ ತಪ್ಪೆಂದು ನಾನು ಹೇಳಲಾರೆ. ಆದರೆ ಆ ಗ್ರಂಥವನ್ನು ಕೊಂಡು ಓದಬೇಕೆಂದು ನಮ್ಮಲ್ಲಿ ಒಬ್ಬ ವಿದ್ಯಾರ್ಥಿಗೆ ಮನಸ್ಸಾಯಿತೆನ್ನೋಣ. ಅವನು ಕಲಬುರಗಿಯಲ್ಲಿ ಎಷ್ಟು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯಬೇಕಾದೀತು? ಈ ಪ್ರಶ್ನೆಯನ್ನು ಯಾವ ಭಾಷಣಕಾರರೂ ಎತ್ತಿದ್ದನ್ನು ನಾನು ಕೇಳಿಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಆ ಮೆಟ್ಟಿಲುಗಳನ್ನು ಹತ್ತಿ ನೋಡಿದೆ. ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಸಂಜೆ ಬಿಸಿಲು ತಗ್ಗಿದ ಮೇಲೆ ಹೊರಟು, ಸೂಪರ್ ಮಾರ್ಕೆಟ್ಟಿನ ಸುತ್ತಮುತ್ತಲ ಪುಸ್ತಕದಂಗಡಿಗಳಲ್ಲಿ ನಿಂತು ಮಾಲೀಕರೊಡನೆ ಮಾತನಾಡುವುದು, ಮರುದಿನ ಪರಿಚಯದ ಲೇಖಕರೊಬ್ಬರನ್ನು ಕಾಣುವುದು, ಹೀಗೆ ಕೆಲವು ವಾರ ಕಳೆದೆ. ಎಲ್ಲರೂ ಹೇಳಿದ ಮೊದಲ ಮಾತು "ನಮ್ಮ ಹೆಸರು ಹಾಕಬ್ಯಾಡ" ಎಂಬುದಾಗಿತ್ತು. ಆದುದರಿಂದ ಹಾಕಿಲ್ಲ.

ಮೊದಲ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದು ಗೈಡುಗಳ ಗೋಡೆ. ಎಫ್.ಡಿ.ಎ., ಎಸ್.ಡಿ.ಎ., ಪಿ.ಎಸ್.ಐ., ಶಿಕ್ಷಕರ ಪರೀಕ್ಷೆ. ಕೆಳಗಿನಿಂದ ಮಾಳಿಗೆಯವರೆಗೆ ಅವೇ. ಇದನ್ನು ಕಂಡು ಮೂಗು ಮುರಿಯುವ ಸಾಹಿತ್ಯಪ್ರೇಮಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಸಂವಿಧಾನದ 371 (ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ದೊರೆತ ಮೇಲೆ, ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಅಡಿಗೆ ಮಾಡಿಕೊಂಡು ಓದುವ ಹುಡುಗನಿಗೆ ಆ ಗೈಡೇ ಮನೆಯ ದೀಪ. ಅವನನ್ನು ಹಂಗಿಸುವ ಹಕ್ಕು ಯಾರಿಗಿದೆ? ಅಂಗಡಿಯ ಮಾಲೀಕರು ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದರು: "ನಾ ಕಾದಂಬರಿ ಮಾರಿ ಅಂಗಡಿ ನಡಸ್ಲಾಕತ್ತಿಲ್ಲ ತಮ್ಮಾ. ಗೈಡಿನ ಮ್ಯಾಲ ಅಂಗಡಿ ನಡೀಲಾಕತ್ತದ, ಅದಕ್ಕ ಕಾದಂಬರಿ ಇಟ್ಟೀನಿ."

ಕಾದಂಬರಿಗಳು ಒಳಗಿನ ಕಪಾಟಿನಲ್ಲಿದ್ದವು. ನಮ್ಮ ಜಿಲ್ಲೆಯ ಸಾವಳಗಿಯವರಾದ ಗೀತಾ ನಾಗಭೂಷಣ ಅವರ 'ಬದುಕು' ಇದೆಯೇ ಎಂದು ಕೇಳಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2004ರಲ್ಲಿ ಮನ್ನಣೆ ನೀಡಿದ ಕೃತಿ. ಲೇಖಕಿ 2010ರಲ್ಲಿ ಗದಗಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. "ಈಗ ಇಲ್ಲ, ಬೇಕಂದ್ರ ತರಸ್ತೀನಿ" ಎಂದು ಒಂದು ಉದ್ದನೆಯ ನೋಟುಬುಕ್ಕು ತೆಗೆದು ಬರೆದುಕೊಂಡರು. ಆ ಪುಟದಲ್ಲಿ ನನ್ನದು ನಾಲ್ಕನೆಯ ಹೆಸರು. ಪುಟ ಎಷ್ಟು ದಿನದ್ದೆಂದು ಕೇಳಿದೆ. ಎರಡು ತಿಂಗಳದ್ದಂತೆ! 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಮಾತ್ರ ಒಂದೇ ವಾರದಲ್ಲಿ ಆ ನೋಟುಬುಕ್ಕಿನ ಪುಟ ತುಂಬಿತ್ತಂತೆ. 'ಎದೆಯ ಹಣತೆ' ಬೇಕೆಂದು ಫೋನಿನ ಮೇಲೆ ಫೋನು. ಕನ್ನಡದ ಕಥೆಯನ್ನು ನಾವು ಕೇಳಬೇಕಾದರೆ ಅದು ಲಂಡನ್ನಿಗೆ ಹೋಗಿ ಬರಬೇಕೇನೋ.

ಇನ್ನು ವ್ಯಾಪಾರದ ಲೆಕ್ಕ. ಈ ಮಾಲೀಕರು ಕಾಗದದ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ನಮ್ಮಲ್ಲಿ ಅನೇಕರು ಪುಸ್ತಕದಂಗಡಿಯವರು ಸುಲಭವಾಗಿ ದುಡ್ಡು ಮಾಡುತ್ತಾರೆಂದು ತಿಳಿದಿದ್ದಾರೆ. 200 ರೂಪಾಯಿ ಬೆಲೆಯ ಕಥಾಸಂಕಲನದ ಮೇಲೆ ಅವರಿಗೆ ನೂರಕ್ಕೆ ಮೂವತ್ತರಂತೆ 60 ರೂಪಾಯಿ ಉಳಿಯುತ್ತದೆ. ಗಿರಾಕಿ ನೂರಕ್ಕೆ ಹತ್ತು ಬಿಡಿರೆಂದು ಕೇಳಿಯೇ ಕೇಳುತ್ತಾನೆ; 20 ಹೋಯಿತು. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಕಟ್ಟು ತರಿಸಿದ ವೆಚ್ಚ ಬೇರೆ. ಮಿಕ್ಕದ್ದರಲ್ಲಿ ಅಂಗಡಿಯ ಬಾಡಿಗೆ, ದೀಪ, ಕೆಲಸದ ಹುಡುಗನ ಪಗಾರ. ಅದೂ ಆ ಪುಸ್ತಕ ಮಾರಾಟವಾದರೆ. ಆಗದಿದ್ದರೆ ಎರಡು ವರ್ಷ ಕಪಾಟಿನಲ್ಲಿ ಕುಳಿತು, ಧೂಳು ತಿಂದು, ಕೊನೆಗೆ ಅರ್ಧ ಬೆಲೆಯ ರಾಶಿಗೆ ಇಳಿಯುತ್ತದೆ. ನವೆಂಬರ್ ಬಂದರೆ ಸರಕಾರದ ಪ್ರಕಟಣೆಗಳಿಗೆ ಅರ್ಧ ಬೆಲೆಯ ರಿಯಾಯಿತಿ. ಓದುಗನಿಗೆ ಅದು ಹಬ್ಬವೆಂಬುದರಲ್ಲಿ ಸಂದೇಹವಿಲ್ಲ, ನಾನೂ ಕೊಂಡಿದ್ದೇನೆ. ಆದರೆ ಆ ತಿಂಗಳು ಸಣ್ಣ ಅಂಗಡಿಗೆ ಬರುವವನೂ "ಅಲ್ಲಿ ಅರ್ಧಕ್ಕ ಕೊಡ್ತಾರ, ನೀವ್ಯಾಕ ಕೊಡಲ್ರಿ?" ಎಂದು ಕೇಳುತ್ತಾನೆ. ಫ್ರಾನ್ಸಿನಲ್ಲಿ 1981ರಲ್ಲಿ ಒಂದು ಕಾಯಿದೆ ಮಾಡಿ, ಹೊಸ ಪುಸ್ತಕಕ್ಕೆ ಪ್ರಕಾಶಕ ಗೊತ್ತುಪಡಿಸಿದ ಬೆಲೆಯ ಮೇಲೆ ನೂರಕ್ಕೆ ಐದಕ್ಕಿಂತ ಹೆಚ್ಚು ರಿಯಾಯಿತಿಯನ್ನು ಯಾವ ಅಂಗಡಿಯೂ ಕೊಡಕೂಡದೆಂದು ನಿಯಮಿಸಿದರು. ದೊಡ್ಡ ಮಳಿಗೆಗಳು ಸಣ್ಣ ಅಂಗಡಿಗಳನ್ನು ನುಂಗಬಾರದೆಂಬುದೇ ಅದರ ಉದ್ದೇಶ. ಇದನ್ನು ಹೇಳಿದಾಗ ಮಾಲೀಕರು ನಕ್ಕುಬಿಟ್ಟರು. "ಅಲ್ಲಿ ಓದೋರು ಅದಾರ" ಎಂದರು.

ನಮ್ಮಲ್ಲಿಯೂ ಇದ್ದಾರೆಂದು ನಾನು ವಾದಿಸಿದೆ. 2020ರ ಫೆಬ್ರುವರಿ 5ರಿಂದ 7ರವರೆಗೆ ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಪ್ರೌಢಶಾಲೆಯಲ್ಲಿದ್ದೆ. ಪುಸ್ತಕ ಮಳಿಗೆಗಳ ಮುಂದೆ ಕಾಲಿಡಲು ಸ್ಥಳವಿರಲಿಲ್ಲ. ಧೋತರ ಉಟ್ಟ ರೈತರು ಕೈಚೀಲದ ತುಂಬ ಪುಸ್ತಕ ಒಯ್ಯುವುದನ್ನು ಕಣ್ಣಾರೆ ಕಂಡೆ. ಅದಕ್ಕೆ ಅವರ ಉತ್ತರ: "ಜಾತ್ರ್ಯಾಗ ಮಿಠಾಯಿ ತಿಂದವ್ರು ದಿನಾ ತಿಂತಾರೇನು?" ಇದಕ್ಕೆ ನನ್ನಲ್ಲಿ ಮರುಮಾತು ಇರಲಿಲ್ಲ. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿಯೊಬ್ಬನು ಹೇಳುವಂತೆ, ಅವನ ಊರಿನಲ್ಲಿ ಕೆಂಪು ಬಾಳೆಹಣ್ಣು ಕೇಳಿದರೆ ಕೈಗೆ ಕೊಡುತ್ತಾರೆ, ಕಥೆಯ ಪುಸ್ತಕ ಕೇಳಿದರೆ ಕಲಬುರಗಿಯ ಬಸ್ಸು ತೋರಿಸುತ್ತಾರೆ.

ಈಗ ಬರೆಯುವವರ ಕಡೆಗೆ ಬರುತ್ತೇನೆ. ನಮ್ಮ ಕಾಲೋನಿಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರಿದ್ದಾರೆ. ಮೂರು ಕಥಾಸಂಕಲನ ಪ್ರಕಟಿಸಿದ್ದಾರೆ, ಮೂರೂ ಸ್ವಂತ ಖರ್ಚಿನಲ್ಲಿ. ಅವರ ಮಂಚದ ಕೆಳಗೆ ಮೂರನೆಯ ಪುಸ್ತಕದ ಕಟ್ಟುಗಳು ಇನ್ನೂ ಇವೆ. ಸಂಜೆ ಅವರ ಕಟ್ಟೆಯ ಮೇಲೆ ಕುಳಿತು ಕೇಳಿದೆ: "ಸರ್, ನಿಮ್ಮ ಪುಸ್ತಕ ಯಾರು ಓದುತ್ತಾರೆ?" ಬಹಳ ಹೊತ್ತು ಸುಮ್ಮನಿದ್ದು, "ನಾ ಕೊಟ್ಟವ್ರು ಓದತಾರಂತ ತಿಳ್ಕೊಂಡೀನಿ" ಎಂದರು. ಬಿಡುಗಡೆಯ ದಿನ ವೇದಿಕೆಯ ಮೇಲಿದ್ದವರಿಗೆ, ಬಂಧುಗಳಿಗೆ, ಗೆಳೆಯರಿಗೆ, ಪತ್ರಿಕೆಗಳಿಗೆ ಗೌರವಪ್ರತಿ ಹಂಚಿದ್ದಾರೆ. ಮಿಕ್ಕ ಆಸೆಯೆಲ್ಲ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ.

ಈ ಸಗಟು ಖರೀದಿಯ ವಿಷಯ ವಿದ್ಯಾರ್ಥಿ ಮಿತ್ರರಲ್ಲಿ ಕೆಲವರಿಗೆ ತಿಳಿದಿರಲಾರದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಈಗ ಅದು ನೂರಕ್ಕೆ ಆರು. ಇಲಾಖೆ ಆರಿಸಿದ ಪುಸ್ತಕದ 300 ಪ್ರತಿಗಳನ್ನು ಪುಟಗಳ ಲೆಕ್ಕದ ದರದಲ್ಲಿ ಕೊಂಡು ಊರೂರಿಗೆ ಕಳಿಸುತ್ತದೆ. ಬಡವರ ಮಕ್ಕಳಾದ ನಾವು ಎಷ್ಟೋ ಜನ ಆ ಗ್ರಂಥಾಲಯಗಳಲ್ಲಿಯೇ ಓದು ಕಲಿತವರು; ಆ ಉಪಕಾರವನ್ನು ಮರೆತು ಮಾತಾಡಲಾರೆ. ಆದರೆ ಅದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿದೆ. 300 ಪ್ರತಿ ಇಲಾಖೆಗೆ, ನೂರು ಪ್ರತಿ ಗೌರವಕ್ಕೆ ಎಂದು ಅಚ್ಚಾದ ಪುಸ್ತಕ ಅಂಗಡಿಯ ಮುಖವನ್ನೇ ಕಾಣುವುದಿಲ್ಲ. ಯಾವಾಗ ಆರಿಸುವರೋ, ಹಣ ಯಾವಾಗ ಬರುವುದೋ ಎಂದು ಕಾಯುವುದೇ ಲೇಖಕನ ಉದ್ಯೋಗವಾಗುತ್ತದೆ. ಜೇಬಿನಿಂದ ದುಡ್ಡು ತೆಗೆದು ಆ ಪುಸ್ತಕವನ್ನು ಕೊಂಡವನು ಒಬ್ಬನೂ ಇಲ್ಲದೆ ಅದರ ಆಯುಷ್ಯ ಮುಗಿಯಬಹುದು.

ಈ ಮೇಷ್ಟ್ರು ಒಮ್ಮೆ ಧೈರ್ಯ ಮಾಡಿ ಐದು ಪ್ರತಿಗಳನ್ನು ಮೇಲೆ ಹೇಳಿದ ಅಂಗಡಿಯಲ್ಲಿಯೇ ಇಟ್ಟು ಬಂದಿದ್ದರು. ಆಮೇಲೆ ಆ ಕಡೆ ಸುಳಿದಿಲ್ಲ. "ಹೋಗಿ ನನ್ನ ಪುಸ್ತಕ ಎಷ್ಟು ಹೋದುವು ಅಂತ ಹ್ಯಾಂಗ ಕೇಳಲಿ? ಒಂದೂ ಹೋಗಿಲ್ಲ ಅಂದ್ರ?" ಎಂದು ಅವರ ಸಂಕೋಚ. ಮರುದಿನ ನಾನು ಅಂಗಡಿಯಲ್ಲಿ ಈ ಮಾತು ಎತ್ತಿದೆ. ಮಾಲೀಕರು ಗಲ್ಲೆಯ ಕೆಳಗಿನಿಂದ ಒಂದು ಲಕೋಟೆ ತೆಗೆದರು. ಮೇಲೆ ಮೇಷ್ಟ್ರ ಹೆಸರು. "ಐದರಾಗ ಮೂರು ಹೋಗ್ಯಾವ. ರೊಕ್ಕ ತೆಗೆದಿಟ್ಟು ಎರಡು ವರ್ಷ ಆತು, ಒಯ್ಲಾಕ ಬರವಲ್ರು." ಅಷ್ಟೇ ಅಲ್ಲ, ಅವರು ಆ ಪುಸ್ತಕವನ್ನು ಓದಿದ್ದರು! ಬಾವಿ ತೋಡುವವನ ಕಥೆಯನ್ನು ಬಾಯಿತುಂಬ ಹೊಗಳಿದರು. "ಆದ್ರ ಕಡೀ ಕಥ್ಯಾಗ ಸರ್ ಪಾಠ ಹೇಳ್ಲಾಕತ್ತಾರ. ಆ ಹೆಣ್ಣಮಗಳು ಅಳಲಾರದಂಗ ಬಸ್ ಹತ್ತಿ ಹೋಗಿದ್ರ ಛಲೋ ಇತ್ತು."

ಲಕೋಟೆಯನ್ನೂ ಈ ಮಾತನ್ನೂ ತಂದು ಮೇಷ್ಟ್ರಿಗೆ ಒಪ್ಪಿಸಿದೆ. ಹಣವನ್ನು ಅವರು ಎಣಿಸಲೂ ಇಲ್ಲ. ಒಳಗೆ ಹೋಗಿ ಪುಸ್ತಕ ತಂದು, ಕನ್ನಡಕ ಹಾಕಿಕೊಂಡು, ಕೊನೆಯ ಎರಡು ಪುಟ ಓದಿದರು. "ಖರೇ ಅದ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮುನ್ನುಡಿ ಬರದವ್ರು ಇದನ್ನ ಹೇಳಲಿಲ್ಲಲ್ಲೋ" ಎಂದರು.

ನನ್ನ ಅಭಿಪ್ರಾಯವೆಲ್ಲ ಈ ಒಂದು ಪ್ರಸಂಗದ ಮೇಲೆ ನಿಂತಿದೆ. ಮುನ್ನುಡಿಯವರು 'ಮೌಲಿಕ ಕೃತಿ' ಎಂದರು, ಬಿಡುಗಡೆ ಮಾಡಿದವರು 'ಈ ಭಾಗದ ಹೆಮ್ಮೆ' ಎಂದರು, ಗೌರವಪ್ರತಿ ಪಡೆದವರು ಏನೂ ಅನ್ನಲಿಲ್ಲ. ಬಿಟ್ಟಿಯಾಗಿ ಬಂದದ್ದನ್ನು ಓದುವ ಹೊಣೆಯೂ ಇಲ್ಲ, ಬೈಯುವ ಹಕ್ಕೂ ಇಲ್ಲ. ಪುಸ್ತಕವನ್ನು ಇನ್ನೊಬ್ಬನ ಕೈಗೆ ಕೊಟ್ಟು ಹಣ ಪಡೆಯಬೇಕಾದ ಒಬ್ಬ ವ್ಯಾಪಾರಿ ಮಾತ್ರ ಅದು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ತಿಳಿದುಕೊಂಡಿದ್ದ. ಅವನ ಮಾತು ಲೇಖಕನಿಗೆ ಮುಟ್ಟಲು ಎರಡು ವರ್ಷ ಹಿಡಿಯಿತು. ಅಂಗಡಿಯಿಂದ ಅವರ ಮನೆ ಎಷ್ಟು ದೂರವೆಂಬುದನ್ನು ಊರು ಬಲ್ಲವರಿಗೆ ಹೇಳಬೇಕಾದುದಿಲ್ಲ.

ಹಿಂದೆ ಈ ದೂರ ಇರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಉತ್ತರ ಕರ್ನಾಟಕದ ಮನೆಮನೆಯ ಮಾತು. ಅವರ ಕಷ್ಟವನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ಲೇಖಕ ಹೊರೆ ಹೊರುವಂತಾಗುವುದು ಯಾವ ಸಮಾಜಕ್ಕೂ ಭೂಷಣವಲ್ಲ. ಆದರೆ ಓದುಗನ ಮುಖ ಅವರಿಗೆ ಕಾಣುತ್ತಿತ್ತು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಓದುಗರು ಚಂದಾ ಕೊಟ್ಟು ಸದಸ್ಯರಾದರು. ಅಲ್ಲಿಯ 'ಅಟ್ಟ'ದ ಮೇಲೆ ಲೇಖಕರು ಕೂಡಿ ಹರಟಿದ್ದು, ಜಗಳಾಡಿದ್ದು, ಹಸ್ತಪ್ರತಿ ಓದಿದ್ದು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿಯೇ ಸೇರಿಹೋಗಿದೆ. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಹೊರಬಂದದ್ದು ಆ ಅಟ್ಟದಿಂದಲೇ. ನಮ್ಮ ಭಾಗಕ್ಕೆ ಅಂತಹ ಭಾಗ್ಯ ತಡವಾಗಿ ಬಂತು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳಿಕೆಯಲ್ಲಿದ್ದೆವು. ಕಚೇರಿಯೂ ಉರ್ದು, ಮೇಲಿನ ವಿದ್ಯೆಯೂ ಉರ್ದು. ಅಂತಹ ಕಾಲದಲ್ಲಿಯೂ 1928ರಲ್ಲಿ ಇಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆಯಿತು. ವಿಮೋಚನೆಯಾದ ಮರುವರ್ಷ, 1949ರಲ್ಲಿ, ಉತ್ತಂಗಿ ಚನ್ನಪ್ಪನವರು ಬಂದರು. ಆ ತಲೆಮಾರಿನವರಿಗೆ ಕನ್ನಡ ಪುಸ್ತಕ ಸಿಗುವುದೇ ಕಷ್ಟವಾಗಿತ್ತು. ನಮಗೆ ಸಿಗುತ್ತದೆ, ಆದರೆ ನಾವು ಕೇಳುವುದಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಪುಸ್ತಕ ಕೊಳ್ಳಿರೆಂದು ಉಪದೇಶ ಮಾಡುವಷ್ಟು ಧೈರ್ಯ ನನಗಿಲ್ಲ. ನನ್ನ ಜೇಬೂ ಅಂತಹದೇ. ಆದರೆ ಕೇಳುವುದಕ್ಕೆ ಖರ್ಚಿಲ್ಲ. ಗೈಡು ಕೊಳ್ಳಲು ಹೋದಾಗ ಒಂದು ಕಥೆಯ ಪುಸ್ತಕದ ಹೆಸರು ಹೇಳಿ, ಇದೆಯೇ ಎಂದು ಕೇಳೋಣ. ಹೇಗಿದೆ ಎಂದೂ ಕೇಳೋಣ. ಆ ಉದ್ದನೆಯ ನೋಟುಬುಕ್ಕಿನಲ್ಲಿ ಬರೆದದ್ದನ್ನು ನೋಡಿಯೇ ಅವರು ಮುಂದಿನ ಕಟ್ಟು ತರಿಸುತ್ತಾರೆ.

ಎರಡನೆಯ ಮಾತು ನಮ್ಮ ಗುರುವರ್ಯರಿಗೆ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಪ್ರಬಂಧ, ಭಾಷಣ, ಓಟ, ಜಿಗಿತ ಎಲ್ಲಕ್ಕೂ ಬಹುಮಾನವೆಂದು ಒಂದೇ ಬಗೆಯ ಲೋಟ, ತಟ್ಟೆ ಕೊಡುತ್ತೇವೆ. ನಮ್ಮ ಮನೆಯಲ್ಲಿ ಅಂತಹ ತಟ್ಟೆ ನಾಲ್ಕಿವೆ. ಅದರ ಬದಲು ಅಷ್ಟೇ ಬೆಲೆಯ ಒಂದು ಚೀಟಿ ಕೊಟ್ಟು, ಊರಿನ ಯಾವುದಾದರೂ ಅಂಗಡಿಗೆ ಹೋಗಿ ಮನಸ್ಸಿಗೆ ಬಂದ ಪುಸ್ತಕ ಆರಿಸಿಕೊಳ್ಳಿರೆಂದರೆ ಆಗದೆ? ಓಟದಲ್ಲಿ ಗೆದ್ದವನು ಪುಸ್ತಕದಂಗಡಿಯ ಮುಂದೆ ನಿಂತು ಅರ್ಧ ಗಂಟೆ ತಲೆ ಕೆರೆದುಕೊಳ್ಳಲಿ. ಮಾಲೀಕರೇ ಅವನಿಗೆ ಬೇಕಾದದ್ದನ್ನು ತೆಗೆದುಕೊಡುತ್ತಾರೆ.

ಗ್ರಂಥಾಲಯದ ಹಣದಲ್ಲಿಯೂ ಒಂದು ಚಿಕ್ಕ ಪಾಲನ್ನು, ಹತ್ತರಲ್ಲಿ ಒಂದರಷ್ಟನ್ನಾದರೂ, ಹೀಗೆ ಬೇರೆ ತೆಗೆದಿಡಬಹುದು. ಕನ್ನಡ ವಿಭಾಗದ ಅಧ್ಯಾಪಕರೊಬ್ಬರು ನಾಲ್ಕು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಪುಸ್ತಕ ತೆರೆದು ನೋಡಿ, ವಾದಿಸಿ ಕೊಳ್ಳಲಿ. ನಾನು ಈ ಸಲಹೆಯನ್ನು ಹಿರಿಯರೊಬ್ಬರ ಮುಂದೆ ಇಟ್ಟಾಗ, ಹೆಚ್ಚು ರಿಯಾಯಿತಿ ಕೊಡುವವರ ದರಪಟ್ಟಿಯನ್ನೇ ಒಪ್ಪಬೇಕಾಗುವುದೆಂದು ತಲೆಯಾಡಿಸಿದರು. ಇರಬಹುದು. ಆದರೆ ಹತ್ತರಲ್ಲಿ ಒಂದು ಪಾಲಿಗೂ ಅಡ್ಡ ಬರುವ ನಿಯಮ ಯಾವುದು, ಅದನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂಬುದನ್ನು ಬಲ್ಲವರು ಮುಂದಿನ ಸಂಚಿಕೆಯಲ್ಲಿ ಬರೆದು ತಿಳಿಸಬೇಕೆಂದು ವಿನಂತಿ. ಆ ಅಂಗಡಿಯ ಕಪಾಟಿನಲ್ಲಿ ಮೇಷ್ಟ್ರ ಎರಡು ಪ್ರತಿಗಳು ಇನ್ನೂ ಇವೆ.