ಅಜ್ಜನ ಪೆಟಾರಿ, ಎಂಟನೇ ಮಹಡಿ

ಬೆಂಗಳೂರಿನ ಫ್ಲ್ಯಾಟುಗಳಿಗೆ ಈಗ ಹಳೇ ಸಾಮಾನಿನ ಹುಚ್ಚು. ಕಾರೈಕುಡಿಯ ಚೆಟ್ಟಿಯಾರ್ ಮನೆ ಕೆಡವಿದಾಗ ಸಿಕ್ಕ ಬರ್ಮಾ ತೇಗದ ಕಂಬ ಹಾಲಿನ ಮೂಲೆಯಲ್ಲಿ ಏನನ್ನೂ ಹೊರದೆ ನಿಂತಿದೆ, ಅಕ್ಕಿ ಅಳೆದ ಸೇರಿನಲ್ಲಿ ಪೆನ್ನುಗಳಿವೆ, ಹಂಡೆಯಲ್ಲಿ ಮನಿಪ್ಲಾಂಟ್. ನನಗಿದರಲ್ಲಿ ತಕರಾರಿಲ್ಲ, ನೀರು ಸೋಕಿದರೆ ಉಬ್ಬಿಕೊಳ್ಳುವ ಪಾರ್ಟಿಕಲ್ ಬೋರ್ಡಿಗಿಂತ ಸವೆದ ತೇಗ ಎಷ್ಟೋ ವಾಸಿ. ತಕರಾರೇನಿದ್ದರೂ ಮೊನ್ನೆ ಮಾಡಿದ ಪೆಟ್ಟಿಗೆಗೆ ಬಣ್ಣ ಬಳಿದು ಮುಪ್ಪು ಬರಿಸಿ, ‘ಆಂಟಿಕ್’ ಎಂದು ಮಾರುವವರ ಮೇಲೆ. ಡ್ರಾಯರ್ ಎಳೆದು ನೋಡಿ: ನಿಜವಾಗಿ ಬಳಸಿದ್ದಾದರೆ ಕೈ ತಾಗುವ, ಉಜ್ಜುವ ಕಡೆಯೇ ಹೆಚ್ಚು ಸವೆದಿರುತ್ತದೆ, ನಕಲಿ ಮಾಲು ಎಲ್ಲ ಕಡೆಯೂ ಒಂದೇ ಸಮ ಹಳೆಯದು! ಅಡಿಯಲ್ಲಿ ಹಿಟ್ಟಿನಂಥ ಪುಡಿ ಹೊಸದಾಗಿ ಉದುರಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಎಷ್ಟೇ ಚೆಂದವಿರಲಿ, ಬಿಟ್ಟು ಬನ್ನಿ. ಹಿತ್ತಾಳೆ ಪಾತ್ರೆ ಬರೀ ಶೋಕಿಗಾದರೆ ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಸಾಕು, ಅದರಲ್ಲೇ ಸಾರು ಕುದಿಸುವ ಆಸೆಯಿದ್ದರೆ ಮೊದಲು ಕಲಾಯಿ ಹಾಕಿಸಲೇಬೇಕು. (ಕಲಾಯಿಯವರನ್ನು ಹುಡುಕುವುದು ಪಾತ್ರೆ ಹುಡುಕುವುದಕ್ಕಿಂತ ಕಷ್ಟ.) ಹಳೇ ವಿಗ್ರಹಗಳ ಮೋಹ ಇರುವವರು ಕಾನೂನನ್ನೂ ನೋಡಿಕೊಳ್ಳಲಿ: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಮೂರ್ತಿಗಳನ್ನು ನೋಂದಾಯಿಸಬೇಕು, ಮಾರುವವರ ಹತ್ತಿರ ಪರವಾನಗಿ ಇರಬೇಕು. ಇನ್ನು, ಹಲಸಿನ ಮರದ ಪೆಟಾರಿಗೆ ಮುಂಗಡ ಕೊಡುವ ಮುನ್ನ ನಿಮ್ಮ ಲಿಫ್ಟಿನ ಬಾಗಿಲನ್ನು ಅಳೆದುಕೊಳ್ಳಿ. ಮೆಟ್ಟಿಲಲ್ಲಿ ಎಂಟು ಮಹಡಿ ಹೊರಿಸುವ ಕೂಲಿಯಲ್ಲಿ ಇನ್ನೊಂದು ಪೆಟಾರಿ ಬಂದೀತು.