ನಕಲಿನ ಬಾಗಿಲು ಮುಚ್ಚುವವರಾರು?

ಮಾರ್ಚ್ ತಿಂಗಳು ಬಂತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: 'ಸೆಂಟರ್ ಯಾವುದು? ಅಲ್ಲಿ ಬಹಳ ಸ್ಟ್ರಿಕ್ಟಾ?' ಮಗ ಎಷ್ಟು ಓದಿದ್ದಾನೆ ಎಂಬುದಕ್ಕಿಂತ ಮೊದಲು ಈ ಪ್ರಶ್ನೆ ಬರುವುದಾದರೆ, ನಕಲಿನ ಮೊದಲ ಪಾಠ ಮನೆಯಲ್ಲೇ ನಡೆಯಿತೆಂದು ತಿಳಿಯಬೇಕು.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂತು, ವೆಬ್‌ಕಾಸ್ಟಿಂಗ್ ನಡೆಯಿತು. ಹಿಂದಿನ ವರ್ಷ ಶೇ. 83.89ರಷ್ಟಿದ್ದ ಫಲಿತಾಂಶ ಶೇ. 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ! ಆ ಕೃಪಾಂಕವನ್ನು ಕೈಬಿಟ್ಟ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ. 62.34ಕ್ಕೆ ಇಳಿಯಿತು. ಈ ಕುಸಿತಕ್ಕೆ ನಕಲೊಂದೇ ಕಾರಣವೆನ್ನಲಾಗದು. ಆದರೆ ಹಿಂದಿನ ಅಂಕಗಳೆಲ್ಲವೂ ಮಕ್ಕಳ ಸ್ವಂತ ದುಡಿಮೆಯೆಂದು ಎದೆ ತಟ್ಟಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ನಕಲು ತಡೆಯುವ ಹೆಸರಿನಲ್ಲಿ ಮಕ್ಕಳನ್ನು ಅವಮಾನಿಸುವುದೂ ಸಲ್ಲದು. 2019ರ ಅಕ್ಟೋಬರ್‌ನಲ್ಲಿ ನೆರೆಯ ಹಾವೇರಿಯ ಪದವಿಪೂರ್ವ ಕಾಲೇಜೊಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬಿ ತೊಡಿಸಿ ಪರೀಕ್ಷೆ ಬರೆಸಿದ ಚಿತ್ರ ಜಗತ್ತಿನಾದ್ಯಂತ ಹರಡಿತು. ಶಿಕ್ಷಣ ಸಚಿವರು ಅದನ್ನು ಖಂಡಿಸಿದರು. ಡಬ್ಬಿ ಕಣ್ಣನ್ನು ಕಟ್ಟಬಹುದು, ಮನಸ್ಸನ್ನು ಕಟ್ಟಲಾರದು.

ಅಷ್ಟಕ್ಕೂ ಆಮಿಷವೊಡ್ಡುವವರು ಮಕ್ಕಳಲ್ಲ, ದೊಡ್ಡವರು. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಮಕ್ಕಳು ಏಪ್ರಿಲ್ 12ರಂದು ಮತ್ತೆ ಬರೆಯಬೇಕಾಯಿತು. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಲಕ್ಷಗಟ್ಟಲೆ ಹಣ ತೆರಲಾಗದ ನೇಕಾರನ, ಹಮಾಲನ, ಆಟೋ ಚಾಲಕನ ಮಗನೇ ಇಂತಹ ಅಕ್ರಮದ ಮೊದಲ ಬಲಿ. ಆದ್ದರಿಂದ ಪ್ರಾಮಾಣಿಕ ಪರೀಕ್ಷೆ ಬೇಕಾಗಿರುವುದು ಎಲ್ಲರಿಗಿಂತ ಹೆಚ್ಚಾಗಿ ನಮಗೆ.

ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ತಗುಲಿತು. ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಅವರು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ನಕಲು ಮಾಡಿ ಪಡೆದ ಅಂಕಪಟ್ಟಿಯೂ ಮೇಲೆ ಒಣಗಿ ಒಳಗೆ ಒದ್ದೆಯಾದ ರಾಶಿಯೇ ಅಲ್ಲವೇ?

ಹಾಗಾದರೆ ಮಾಡಬೇಕಾದುದೇನು? ಪಾಲಕರು ಅಂಕಕ್ಕಾಗಿ ಪೀಡಿಸುವುದನ್ನೂ ನೆರೆಮನೆಯ ಮಗುವಿನೊಡನೆ ಹೋಲಿಸುವುದನ್ನೂ ಬಿಡಬೇಕು. ಶಾಲಾ ಆಡಳಿತ ಮಂಡಳಿಗಳು ನೂರಕ್ಕೆ ನೂರು ಫಲಿತಾಂಶದ ಹುಚ್ಚಿಗಾಗಿ ಶಿಕ್ಷಕರನ್ನು ಇಕ್ಕಟ್ಟಿಗೆ ಸಿಲುಕಿಸಬಾರದು. ಜಮಾಅತ್‌ಗಳು ಗಣಿತ, ಇಂಗ್ಲಿಷ್, ವಿಜ್ಞಾನದಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ಆರಂಭವಾದ ಜೂನ್‌ನಿಂದಲೇ ಸಂಜೆ ತರಗತಿ ನಡೆಸಲಿ. ಮೊಹಲ್ಲಾದ ಪದವೀಧರ ಯುವಕ-ಯುವತಿಯರು ವಾರಕ್ಕೆರಡು ಗಂಟೆ ಕೊಟ್ಟರೂ ಸಾಕು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವೂ ಬಂದಿದೆ. ಒಮ್ಮೆ ಎಡವಿದವನಿಗೆ ದಾರಿ ಮುಚ್ಚಿಲ್ಲ ಎಂಬುದನ್ನು ಮಕ್ಕಳಿಗೆ ತಿಳಿಹೇಳೋಣ.

ಪಾಠ ಅರ್ಥವಾದ ಮಗುವಿಗೆ ಚೀಟಿಯ ಹಂಗಿಲ್ಲ, ಸೋಲಿಗೆ ಅಂಜದ ಮಗುವಿಗೆ ನಕಲಿನ ಅಗತ್ಯವಿಲ್ಲ. ಕ್ಯಾಮರಾ ಮೂರು ಗಂಟೆ ಕಾಯುತ್ತದೆ. ವರ್ಷವಿಡೀ ಕಾಯಬೇಕಾದವರು ನಾವು.